ಅಜ್ಜನ ಕುಂಟು, ಖಾಲಾನ ಕವಣಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಪೆದ್ದ ನಾನೇ. ನನಗೆ ಕವಣೆ ಬೀಸಲು ಬರುವುದಿಲ್ಲ. ಕವಣೆ ಬೀಸುವವರ ನಕಲು ಮಾಡಲು ಮಾತ್ರ ಬರುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಅಂದುಕೊಂಡಿದ್ದೆ. ಅಷ್ಟಕ್ಕೇ ನಿಲ್ಲದೆ ಗೆಳೆಯನಿಗೆ ಕಲಿಸಲು ಬೇರೆ ಹೊರಟೆ. ಇದಕ್ಕಿಂತ ದೊಡ್ಡ ಪೆದ್ದತನ ಡೋಣಿಯ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಡೆಯಿತು. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ. ಈಗಲೇ ಹೇಳಿದರೆ ನೀವು ನನ್ನನ್ನು ಬೈಯುತ್ತ ಕೂತು ಮುಂದಿನದನ್ನು ಓದುವುದೇ ಇಲ್ಲ.

ನಾನು ಗದಗಿನ ಒಂದು ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಊರು ಸೊರಟೂರು. ವೈರು ಅಳೆಯುವುದಕ್ಕಿಂತ ಗಿರಾಕಿಗಳ ನಕಲು ಮಾಡುವುದರಲ್ಲೇ ನನ್ನ ದಿನ ಹೋಗುತ್ತದೆ ಎಂದು ಮಾಲೀಕರ ದೂರು. ಆ ದೂರನ್ನೂ ನಾನು ಅವರದೇ ಮೂಗಿನ ದನಿಯಲ್ಲಿ ಹೇಳಬಲ್ಲೆ. ಬಲ್ಬನ್ನು ಅಲುಗಾಡಿಸಿ ಕಿವಿಗೆ ಹಿಡಿದು, ಒಳಗೆ ಯಾರಾದರೂ ಇದ್ದಾರೆಯೇ ಎಂದು ಕೇಳುವವರಂತೆ ನಿಲ್ಲುವ ಗಿರಾಕಿ, ಚಿಲ್ಲರೆ ಕೊಡುವ ಮೊದಲು ಆಕಾಶ ನೋಡುವ ಮುಂಡರಗಿ ಬಸ್ಸಿನ ಕಂಡಕ್ಟರು, ಇವರೆಲ್ಲ ನನ್ನೊಳಗೆ ಬಾಡಿಗೆಗೆ ಇದ್ದಾರೆ. ನನ್ನ ನಕಲನ್ನೂ ಮಾಡುತ್ತೇನೆ: ಲಕ್ಷ್ಮೇಶ್ವರಕ್ಕೆ ಹೆಣ್ಣು ನೋಡಲು ಹೋದಾಗ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಇನ್ನೂ ಕುಡಿಯದ ಚಹಾಕ್ಕೆ "ಸಕ್ಕರಿ ಬರೋಬ್ಬರಿ ಐತ್ರಿ" ಎಂದು ಹೇಳಿದ ನಾನು. ಆ ಹೆಣ್ಣು ಒಪ್ಪಲಿಲ್ಲ. ಆ ನಕಲನ್ನು ಮಾತ್ರ ಎಲ್ಲರೂ ಒಪ್ಪಿದ್ದಾರೆ.

ನನ್ನ ಸಂಗ್ರಹದಲ್ಲಿ ಅತ್ಯಂತ ಬೇಡಿಕೆಯದು ನಮ್ಮಜ್ಜ ಜೋಳ ಕಾಯುವುದು. ಹೊಲದ ಕಾವಲು ಅಟ್ಟದ ಮೇಲೆ ನಿಂತು, ಕೆಮ್ಮಿ, ಧೋತರ ಮೇಲಕ್ಕೆ ಸಿಕ್ಕಿಸಿ, ಕುಂಟುಗಾಲಲ್ಲಿ ಒಂದು ಜಿಗಿತ ಜಿಗಿದು ಅಜ್ಜ ಕವಣೆ ಬೀಸುತ್ತಿದ್ದ. ಹಗ್ಗ ಸುಯ್ಯೆಂದು ತಿರುಗುವುದು, ತುದಿ ಚಟೀರೆನ್ನುವುದು, ಗುಬ್ಬಿಗಳು ಬುರ್ರೆಂದು ಏಳುವುದು, ಎಲ್ಲ ಸದ್ದೂ ನನ್ನ ಬಾಯಲ್ಲೇ ಬರುತ್ತದೆ. ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಬೆಟಗೇರಿಯ ಚಹಾದಂಗಡಿಯ ಮುಂದೆ ಇದನ್ನು ಮಾಡಿದೆ. ಜನ ಬಿದ್ದುಬಿದ್ದು ನಕ್ಕರು. ನಗದೆ ಕೂತವನು ನನ್ನ ಗೆಳೆಯ ಒಬ್ಬನೇ.

ಈ ಗೆಳೆಯ ಬೆಟಗೇರಿಯಲ್ಲಿ ದರ್ಜಿ. ಬ್ಲೌಸು ಹೊಲಿಯುವುದರಲ್ಲಿ ಅವನ ಕೈ ಹೆಸರಾದದ್ದು. ಸದಾ ತುಟಿಯಲ್ಲಿ ಗುಂಡುಪಿನ್ನು ಕಚ್ಚಿ ಕೂತು ರೂಢಿಯಾಗಿ, ಪಿನ್ನು ಇಲ್ಲದಾಗಲೂ ಅವನ ಬಾಯಿ ಬಿಚ್ಚುವುದಿಲ್ಲ. ಅಂಥವನು ಅಂದು ತಾನಾಗಿ ಕೇಳಿದ:

"ಖರೇ ಬರ್ತೈತೇನ್ಲೇ ನಿನಗ ಕವಣಿ?"

"ಬರ್ತೈತಲೇ! ಹೊಟ್ಟ್ಯಾಗಿಂದ ಕಲ್ತ ಬಂದೀನಿ."

"ನನಗ ಕಲಸ್ತಿ?"

ನಾನು ನಕ್ಕೆ. ಅವನು ನಗಲಿಲ್ಲ. ಆಮೇಲೆ ಸಂಗತಿ ಹೇಳಿದ. ಅವನ ತಾಯಿಯ ತಂಗಿ, ಅವನ ಖಾಲಾ, ಡೋಣಿಯಲ್ಲಿ ಒಬ್ಬಳೇ ಇದ್ದಾಳೆ. ಕಪ್ಪತಗುಡ್ಡದ ಮಗ್ಗುಲಲ್ಲಿ ಅವಳ ಗಂಡನ ಪಾಲಿನ ಹೊಲ. ಗಂಡ ತೀರಿಕೊಂಡಾಗ ಮೈದುನ ಬಂದು, "ಭಾಬಿ, ಹೆಣಮಗಳು ನೀನು, ಹೊಲಾ ನಮಗ ಲಾವಣಿಗೆ ಬಿಡು, ವರ್ಷಾ ಇಷ್ಟು ಜ್ವಾಳಾ ಕೊಡತೀವಿ" ಎಂದು ಗೇಣಿಗೆ ಕೇಳಿದನಂತೆ. ಖಾಲಾ ಹಿರಿಯರ ಮುಂದೆ, "ನಾ ಕಾಯೂತನಕಾ ನಾ ಮಾಡತೀನಿ. ಕಾಯಾಕ ಆಗದ ದಿನಾ ನಾನ ಬಂದು ಹೊಲಾ ಬಿಡತೀನಿ" ಎಂದಳಂತೆ. ಅಂದಿನಿಂದ ಬಿತ್ತುವುದಕ್ಕೆ ಎತ್ತು ಬಾಡಿಗೆಗೆ, ಕೊಯ್ಯುವುದಕ್ಕೆ ಆಳು ಕೂಲಿಗೆ. ಆದರೆ ತೆನೆಯಲ್ಲಿ ಹಾಲು ತುಂಬಿದಾಗ ಹಕ್ಕಿ ಕಾಯುವುದು ಮಾತ್ರ ಅವಳೇ. ಅವಳ ಕವಣೆಯ ಕಲ್ಲು ಗುರಿ ತಪ್ಪುವುದಿಲ್ಲ ಎಂದು ಊರಲ್ಲಿ ಮಾತು. ಈಗ ಬಲಗಡೆಯ ಹೆಗಲು ಹಿಡಿದುಕೊಂಡು ಕೈ ಮೇಲೇಳುತ್ತಿಲ್ಲ. ಮುಂಡರಗಿಯ ಡಾಕ್ಟರು ವ್ಯಾಯಾಮ ಮಾಡು, ನಿಧಾನಕ್ಕೆ ಬಿಡುತ್ತದೆ ಎಂದಿದ್ದಾರೆ. ಹಕ್ಕಿಗಳಿಗೆ ನಿಧಾನ ಗೊತ್ತಿಲ್ಲ.

"ಊರಾಗ ಯಾರಿಗೂ ಹೇಳಿಲ್ಲ ಅಕಿ. ಸೆರಗಿನಾಗ ಕೈ ಮುಚ್ಚಿಕೊಂಡು ಅಡ್ಡಾಡ್ತಾಳ. ನೀ ನನಗ ಕಲಿಸಿದ್ರ ನಾ ಹೋಗಿ ಕಾಯತೀನಿ. ಅಂಗಡಿ ಹೆಂಗೂ ಈಗ ಥಂಡಾ ಐತಿ," ಎಂದ.

ಆಗಲಾದರೂ ನಿಜ ಹೇಳಬಹುದಿತ್ತು. ಆದರೆ ಅಷ್ಟು ಜನ ನಕ್ಕ ಮೇಲೆ ನನಗೆ ನಾನೇ ನನ್ನ ಅಜ್ಜನಾಗಿಬಿಟ್ಟಿದ್ದೆ. "ನಡೀಲೇ ರವಿವಾರ" ಎಂದೆ.

ರವಿವಾರ ಅವನ ಬೈಕಿನಲ್ಲಿ ಹೋದೆವು. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತಿದ್ದವು. ಹೊಲಗಳಲ್ಲಿ ಹಕ್ಕಿ ಬೆದರಿಸಲು ಕಟ್ಟಿದ ಕೆಂಪು-ಬೆಳ್ಳಿ ಪಟ್ಟಿಗಳು ಹೊಳೆಯುತ್ತಿದ್ದವು, ಅಲ್ಲಲ್ಲಿ ಪಟಾಕಿ ಸದ್ದು. ಖಾಲಾನ ಹೊಲದಲ್ಲಿ ಮಾತ್ರ ಹಳೆಯ ಸೀರೆಯೊಂದನ್ನು ಕೋಲಿಗೆ ಕಟ್ಟಿತ್ತು. ಅದರ ಮೇಲೆ ಒಂದು ಗಿಣಿ ಕೂತು ಅಂಚನ್ನು ಪರೀಕ್ಷಿಸುತ್ತಿತ್ತು.

ಖಾಲಾ ಬೇವಿನ ಮರದ ಕೆಳಗೆ ಕೂತಿದ್ದಳು. ಎತ್ತರದ, ಒಣಗಿದ ಹೆಂಗಸು. ಮಾತಿಗೆ ಮೊದಲು ಕಣ್ಣು ಕೆಲಸ ಮಾಡುತ್ತದೆ. ಬಲಗೈ ಸೆರಗಿನಡಿ ಇತ್ತು.

"ಇಂವ ಯಾರ ಬೇಟಾ?"

"ದೋಸ್ತ, ಖಾಲಾ. ಕವಣಿ ಕಲಸಾಕ ಬಂದಾನ."

ಅವಳು ನನ್ನ ಪ್ಯಾಂಟು, ಬೂಟು, ಜೆಲ್ ಹಚ್ಚಿದ ಕೂದಲು ನೋಡಿದಳು. "ಹಾಂ. ಬಾರಪಾ. ಮೊದ್ಲ ರೊಟ್ಟಿ ತಿನ್ರಿ, ಆಮ್ಯಾಲ ಸಾಲಿ ಸುರು ಮಾಡೂಣು," ಎಂದಳು.

ರೊಟ್ಟಿ, ಪುಂಡಿಪಲ್ಯ, ಕೆಂಪಿಂಡಿ. ಉಂಡ ಮೇಲೆ ಅಟ್ಟದ ಕಂಬಕ್ಕೆ ತೂಗಿದ್ದ ಕವಣೆ ತಂದುಕೊಟ್ಟಳು. ಅದನ್ನೂ ಪುಂಡಿಯ ನಾರಿನಿಂದಲೇ ಅವಳೇ ಹೆಣೆದದ್ದು. ನಡುವೆ ಕಲ್ಲು ಕೂರುವಷ್ಟು ಹೆಣಿಗೆಯ ಬೊಗಸೆ, ಆಚೆ ಈಚೆ ಎರಡು ಹಗ್ಗ. ಒಂದರ ತುದಿಯಲ್ಲಿ ಬೆರಳಿಗೆ ಸಿಕ್ಕಿಸುವ ಕುಣಿಕೆ. ಇನ್ನೊಂದರ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಬೀಸಿದ ಮೇಲೆ ಬಿಡಬೇಕು. ಇಷ್ಟು ನನಗೆ ಗೊತ್ತಿತ್ತು. ಬಿಡಬೇಕು ಸರಿ, ಆದರೆ ಯಾವಾಗ ಎಂಬುದು ನಕಲಿನಲ್ಲಿ ಬಂದಿರಲಿಲ್ಲ. ಬಾಯಲ್ಲಿ ಚಟೀರೆಂದರೆ ಸಾಕಾಗುತ್ತಿತ್ತು.

ಅಟ್ಟದ ಮೇಲೆ ಹತ್ತಿ ಮೊದಲ ಕಲ್ಲನ್ನು ನಾನೇ ಬೀಸಿದೆ. ಅದು ನೇರ ಮೇಲಕ್ಕೆ ಹೋಯಿತು. ಮೇಲೆ ಹೋದದ್ದು ಕೆಳಗೆ ಬರುತ್ತದೆ ಎಂಬ ಅರಿವು ಇಬ್ಬರಿಗೂ ಒಟ್ಟಿಗೇ ಆಗಿ, ಜಿಗಿದು ಅಟ್ಟದ ಕೆಳಗೆ ಹೊಕ್ಕೆವು. ಕಲ್ಲು ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. "ಗಾಳಿ ಐತಿ" ಎಂದೆ. ಜೋಳದ ಒಂದು ಗರಿಯೂ ಅಲುಗುತ್ತಿರಲಿಲ್ಲ.

"ನಾ ಬೀಸೂದು ನೋಡಬ್ಯಾಡ, ನಾ ನಿಲ್ಲೂದು ನೋಡು" ಎಂದು ಗುರುಸ್ಥಾನಕ್ಕೇರಿ, ಅಜ್ಜನನ್ನು ಪೂರ್ತಿಯಾಗಿ ಮಾಡಿ ತೋರಿಸಿದೆ. ಗೆಳೆಯ ದರ್ಜಿ. ಅಳತೆ ಕೊಟ್ಟರೆ ಒಂದು ನೂಲು ಆಚೆ ಈಚೆ ಆಗದಂತೆ ಕತ್ತರಿಸುವವನು. ಅವನು ಕೆಮ್ಮಿದ. ಪ್ಯಾಂಟನ್ನು ಮೇಲಕ್ಕೆ ಸಿಕ್ಕಿಸಿಕೊಂಡ. ಎಡಗಾಲನ್ನು ಎಳೆದು ಕುಂಟುತ್ತ ಒಂದು ಜಿಗಿತ ಜಿಗಿದು ಕವಣೆ ಬೀಸಿದ. ಜಿಗಿತದಲ್ಲಿ ಮೈ ತಿರುಗಿ ಕಲ್ಲು ಹಿಂದಕ್ಕೆ ಹಾರಿ, ಬೇವಿನ ಬುಡದಲ್ಲಿದ್ದ ನೀರಿನ ಕೊಡಕ್ಕೆ ಠಣ್ಣೆಂದು ಬಡಿಯಿತು. ಪಾಪ, ಅವನು ಮತ್ತೆ ಕೆಮ್ಮಿ, ಮತ್ತೆ ಪ್ಯಾಂಟು ಸರಿಮಾಡಿ, ಎರಡನೆಯ ಕಲ್ಲು ಇಟ್ಟುಕೊಂಡ. ಕೊಡ ಈಚೆಗೆ ಎಳೆದುಕೊಳ್ಳುತ್ತ ಖಾಲಾ ಕೇಳಿದಳು:

"ಏನಪಾ ಮಾಸ್ತರ, ನಿಮ್ಮಜ್ಜಗ ಕಾಲ ಊನ ಇತ್ತೇನು?"

"ಹೌದ್ರಿ ಖಾಲಾ. ಎತ್ತು ತುಳದಿತ್ತು."

"ನಮ್ಮ ಹುಡುಗಗ ಯಾ ಎತ್ತು ತುಳದೈತಿ ಹಂಗಾರ?"

ಗೆಳೆಯ ಕುಂಟುವುದನ್ನು ನಿಲ್ಲಿಸಿ ನನ್ನತ್ತ ನೋಡಿದ. ಆ ನೋಟದಲ್ಲಿ ಬೆಟಗೇರಿಯ ಅಷ್ಟೂ ಗುಂಡುಪಿನ್ನುಗಳಿದ್ದವು.

ಅಷ್ಟರಲ್ಲಿ ಗಿಣಿಗಳ ಒಂದು ಹಿಂಡು ಗುಡ್ಡದ ಕಡೆಯಿಂದ ಇಳಿಯಿತು. ಮಾನ ಉಳಿಸಿಕೊಳ್ಳಲು ನಾನು ಬಾಯಲ್ಲೇ ಚಟೀರೆಂದು ಕವಣೆ ಸದ್ದು ಮಾಡಿದೆ. ಎಲ್ಲ ಹಾರಿದವು! ಸ್ವಲ್ಪ ಹೊತ್ತಿಗೆ ಮತ್ತೆ ಬಂದವು, ಮತ್ತೆ ಮಾಡಿದೆ, ಅರ್ಧ ಹಾರಿದವು. ಆಮೇಲೆ ಮಾಡಿದಾಗ ತೆನೆಯ ಮೇಲೆ ಕೂತೇ ತಲೆ ವಾರೆಮಾಡಿ ನನ್ನ ಕಡೆ ನೋಡಿದವು. ನನ್ನ ನಕಲನ್ನು ಇಷ್ಟು ಬೇಗ ಕಂಡುಹಿಡಿದವರು ಬೇರೆ ಯಾರೂ ಇಲ್ಲ.

"ಸಾಕ. ಇಳೀರಿ ಇಬ್ರೂ," ಎಂದಳು ಖಾಲಾ. ನಾವು ಇಳಿದೆವು. ಅವಳು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡಳು. "ನೀ ನೋಡಿದಂಗ ಮಾಡಾಂವ ಹೌದಿಲ್ಲ? ನಾ ಹೇಳಿದಂಗ ಮಾಡತಿಯೇನು?"

"ಹೇಳ್ರಿ."

ಸೆರಗಿನಡಿಯಿಂದ ಬಲಗೈ ತೆಗೆದಳು. ಅದು ಮೊಣಕೈಯಲ್ಲಿ ಮಡಿಸಿಕೊಂಡು ಎದೆಯ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿಂದ ಮೇಲೆ ಬರಲಿಲ್ಲ. ನೋವಿಗೆ ಅವಳ ತುಟಿ ಒಂದಿಷ್ಟು ಬಿಗಿಯಿತು. ಆದರೆ ಮುಂಗೈ ಮಾತ್ರ ಎಷ್ಟು ಹಗುರವಾಗಿ ತಿರುಗಿತೆಂದರೆ, ಇಲ್ಲದ ಕವಣೆ ನನಗೆ ಕಂಡಿತು.

"ಕಾಲ ನೆಲಕ್ಕ ಊರು, ಜಿಗೀಬ್ಯಾಡ. ತಲಿ ಮ್ಯಾಲ ತಿರುಗಸು. ಅವಸರ ಬ್ಯಾಡ. ಕಲ್ಲು ಜಗ್ಗತೈತಿ, ಜಗ್ಗಿದ ಕೂಡಲೆ ಬಿಡಬ್ಯಾಡ. ಕಲ್ಲು ಬೆನ್ನ ಹಿಂದಿಂದ ಮುಂದ ಬರಾಕತ್ತಿದಾಗ ಹೆಬ್ಬಟ್ಟು ಬಿಚ್ಚು. ಕೈ ಮಾತ್ರ ನಿಲ್ಲಸಬ್ಯಾಡ, ಹಕ್ಕೀ ಕಡೆ ಹೋಗಲಿ."

ಹೆಗಲಿನ ಮೇಲಿನದನ್ನು ಅವಳು ಹೇಳಿದಳು, ಮೊಣಕೈ ಕೆಳಗಿನದನ್ನು ತೋರಿಸಿದಳು, ನಾನು ಎರಡನ್ನೂ ಕೂಡಿಸಿ ಖಾಲಿ ಕೈಯಲ್ಲಿ ಬೀಸುತ್ತ ಹೋದೆ. "ಇನ್ನಷ್ಟು ಎತ್ತು... ಬೆನ್ನ ಬಗ್ಗಸಬ್ಯಾಡ, ನಾ ಹಂಗ ಬಗ್ಗಾಕಿ ಅಲ್ಲ..." ಎಂದು ತಿದ್ದುತ್ತ ಹೋದಳು. ಒಂದು ಸಲ ನಾನು ತಿರುಗಿ ನೋಡಿದರೆ ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಎತ್ತಿದ ಕೈ ನೋಡುತ್ತಿದ್ದಳು. "ಹಾಂ, ಹಂಗ. ಹಂಗ ಬೀಸತಿದ್ದೆ," ಎಂದಳು. ಜೀವನದಲ್ಲಿ ಮೊದಲ ಸಲ ನನ್ನ ನಕಲಿಗೆ ಯಾರೂ ನಗದಿದ್ದರೂ ಬೇಸರವಾಗಲಿಲ್ಲ.

ಗೆಳೆಯ ಇದನ್ನೆಲ್ಲ ಬ್ಲೌಸಿನ ಅಳತೆ ಹಿಡಿಯುವವನಂತೆ ನೋಡುತ್ತಿದ್ದ.

"ಖಾಲಾ, ಮಷಿನ್ನಿನಾಗ ಬಟ್ಟಿ ನಾವು ಜಗ್ಗಬಾರದು, ಅದು ಹೋದಂಗ ಕೈ ಹೋಗಬೇಕು. ಹಂಗೇನು?"

"ನಿನ್ನ ಮಷಿನ್ನು ನನಗೇನ ಗೊತ್ತಪಾ? ಬೀಸು."

ಬೀಸಿದ. ಕಲ್ಲು ಹೊಲದ ನಡುವಿನವರೆಗೆ ಹೋಯಿತು. ಗಿಣಿಗಳು ಅಲುಗಲಿಲ್ಲ, ಆದರೆ ಕೊಡಕ್ಕೂ ಬಡಿಯಲಿಲ್ಲ. ಸಂಜೆಯ ಹೊತ್ತಿಗೆ ಹಗ್ಗದ ತುದಿ ಒಮ್ಮೆ ತಾನಾಗಿ ಚಟೀರೆಂದಿತು. ಅವನು ಹಿಂತಿರುಗಿ ನನ್ನತ್ತ ನೋಡಿದ, ನಾನು ಬಾಯಲ್ಲಿ ಮಾಡಿದೆನೋ ಎಂದು. "ನಾ ಅಲ್ಲಲೇ, ಅಲ್ಲಾನ ಆಣಿಗೂ ನಾ ಅಲ್ಲ," ಎಂದೆ. ಅವನು ನಕ್ಕ. ಅಲ್ಲಿಯೇ ಉಳಿದುಕೊಂಡ. ಬೈಕು ಅವನಿಗೆ ಬಿಟ್ಟು ನಾನು ಬಸ್ಸಿಗೆ ಗದಗಿಗೆ ಬಂದೆ.

ಈಗ ಆ ಚಹಾದಂಗಡಿ.

ಮುಂದಿನ ರವಿವಾರ ಬೆಳಿಗ್ಗೆ ಡೋಣಿಯಲ್ಲಿ ಬಸ್ಸಿಳಿದೆ. ಚಹಾ ಕುಡಿಯುತ್ತಿದ್ದವರಲ್ಲಿ ಒಬ್ಬರು, "ಯಾ ಊರಪಾ, ಯಾರ ಮನಿಗೆ?" ಎಂದರು. ಇಷ್ಟು ಕೇಳಿದರೆ ಸಾಮಾನ್ಯ ಮನುಷ್ಯ ಊರು ಹೇಳಿ ಚಹಾ ಕುಡಿಯುತ್ತಾನೆ. ನಾನು ಎದ್ದು ನಿಂತು, ಬೆಟಗೇರಿಯ ದರ್ಜಿ ಪ್ಯಾಂಟು ಸಿಕ್ಕಿಸಿ ಕುಂಟುತ್ತ ಕವಣೆ ಬೀಸುವುದನ್ನು ಮಾಡಿದೆ. ನಕ್ಕರು. ನಗು ಕೇಳಿದರೆ ನನಗೆ ಬ್ರೇಕು ಹಿಡಿಯುವುದಿಲ್ಲ. ಕೊಡಕ್ಕೆ ಕಲ್ಲು ಬಡಿದದ್ದನ್ನು ಮಾಡಿದೆ. ಆಮೇಲೆ ಖಾಲಾ ಪಾಠ ಹೇಳಿದ್ದನ್ನು ಮಾಡಿದೆ, ಎದೆಯ ಮಟ್ಟಕ್ಕೆ ಬಂದು ನಿಂತುಬಿಡುವ ಆ ಕೈಯನ್ನೂ. ಎಲ್ಲರಿಗಿಂತ ಹೆಚ್ಚು ನಕ್ಕವರು ಟವೆಲ್ಲು ಹೊದ್ದ, ಗಡ್ಡಕ್ಕೆ ಮದರಂಗಿ ಹಚ್ಚಿದ ಒಬ್ಬ ಗೃಹಸ್ಥರು.

"ಇನ್ನೂ ಮ್ಯಾಲ ಏಳೂದ ಇಲ್ಲೇನು ಆ ಕೈ?" ಎಂದು ಕೇಳಿದರು.

"ಇಲ್ರಿ. ಇಷ್ಟ ನೋಡ್ರಿ," ಎಂದು ಅಳತೆ ಸಮೇತ ತೋರಿಸಿದೆ.

ಅವರು ನನ್ನ ಚಹಾದ ರೊಕ್ಕ ಕೊಟ್ಟು, ಎರಡು ಮಿರ್ಚಿಭಜಿ ತಿನ್ನಿಸಿ, ಬೆನ್ನು ತಟ್ಟಿ ಹೋದರು. ರಸಿಕರು ಎಂದುಕೊಂಡೆ.

ಹೊಲದಲ್ಲಿ ಗೆಳೆಯ ಅಟ್ಟದ ಮೇಲಿದ್ದ. ವಾರದ ಬಿಸಿಲಿಗೆ ಮೂಗು ಸುಲಿದಿತ್ತು, ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಕಾಲೂರಿ, ಮೈ ಅಲುಗಿಸದೆ ಬೀಸಿದ. ಕಲ್ಲು ತೆನೆಗಳ ಮೇಲೆಯೇ ಹಾಯ್ದು ಆ ತುದಿಯ ಬದುವಿನಲ್ಲಿ ಬಿತ್ತು, ಹಿಂಡು ಹಿಂಡೇ ಎದ್ದು ಗುಡ್ಡದ ಕಡೆ ಹೋಯಿತು. ಖಾಲಾ ನನಗೆ ರೊಟ್ಟಿ ಬಡಿಸುತ್ತ, "ನಿನ್ನ ಚ್ಯಾಲಾ ಪಾಸಾದ, ಮಾಸ್ತರ," ಎಂದಳು. ತೆನೆಯಲ್ಲಿ ಹಾಲು ಗಟ್ಟಿಯಾಗುತ್ತ ಬಂದಿತ್ತು. ಇನ್ನು ಕೆಲವು ದಿನ ಕಾದರೆ ಹಕ್ಕಿಯ ಭಯವಿಲ್ಲ.

ಮಧ್ಯಾಹ್ನ ಬದುವಿನ ಮೇಲೆ ಇಬ್ಬರು ಬಂದರು. ಒಬ್ಬರು ರುಮಾಲು ಸುತ್ತಿದ ಊರ ಹಿರಿಯರು. ಖಾಲಾ ಮಾತು ಕೊಟ್ಟಾಗ ಸಾಕ್ಷಿಯಾಗಿ ಕೂತವರು. ಇನ್ನೊಬ್ಬರು ಟವೆಲ್ಲು, ಮದರಂಗಿ ಗಡ್ಡ. "ಮೈದುನ ಬಂದಾ," ಎಂದು ಖಾಲಾ ಮೆಲ್ಲಗೆ ಹೇಳಿ ಬಲಗೈಯನ್ನು ಸೆರಗಿನಡಿ ಎಳೆದುಕೊಂಡಳು. ನನಗೆ ಮಿರ್ಚಿಭಜಿ ತಿನ್ನಿಸಿದ ರಸಿಕರು ಇವರೇ ಎಂದು ಕಂಡು ನಾನು ಅಟ್ಟದ ಕಂಬದ ಮರೆಗೆ ಸರಿದೆ.

"ಭಾಬಿ, ಕೈ ಹೆಂಗೈತಿ?"

"ಕೈಗೇನಾಗೈತಿ?"

"ಇಲ್ಲ, ಈ ಹುಡುಗ ಮುಂಜಾನೆ ಚಾದಂಗಡ್ಯಾಗ ಎಲ್ಲಾ ಮಾಡಿ ತೋರಿಸಿದಾ. ಛಲೋ ಮಾಡತಾನ. ಮಾಡಪಾ ಇನ್ನೊಮ್ಮೆ, ಹಿರೇರೂ ನೋಡ್ಲಿ."

ಗೆಳೆಯ ಅಟ್ಟದಿಂದ ಇಳಿದು ಬಂದ. ನನ್ನನ್ನು ನೋಡಲಿಲ್ಲ. ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ಚೆನ್ನಾಗಿರುತ್ತಿತ್ತು. "ಸುಮ್ನ ಚಾಷ್ಟಿ ಮಾಡಿದ್ನಿರಿ," ಎಂದು ನಾನು ಏನೇನೋ ಒದರಿದೆ. ನನ್ನ ದನಿ ನನ್ನದೇ ನಕಲಿನಂತೆ ಕೇಳಿಸಿತು.

"ಮಾಡ ಬೇಟಾ. ಅಂಜಬ್ಯಾಡ. ಖರೆ ಎಷ್ಟೈತಿ ಅಷ್ಟ ಮಾಡು," ಎಂದಳು ಖಾಲಾ.

ಮಾಡಿದೆ. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಮೈದುನನೂ ನಗಲಿಲ್ಲ. ಖಾಲಾ ಸೆರಗು ಸರಿಸಿ ತನ್ನ ಕೈ ಹೊರತೆಗೆದು ನನ್ನದರ ಪಕ್ಕಕ್ಕೆ ಹಿಡಿದಳು. ಎರಡೂ ಒಂದೇ ಎತ್ತರದಲ್ಲಿ ನಿಂತವು.

"ಖರೆ ಐತ್ರಿ," ಎಂದು ಹಿರಿಯರಿಗೆ ಹೇಳಿದಳು. "ಇಷ್ಟ ಏಳತೈತಿ."

"ಅಂದಮ್ಯಾಲ ಭಾಬಿ, ನೀನ ಕೊಟ್ಟ ಮಾತು," ಎಂದ ಮೈದುನ. ಅವನ ದನಿ ಒರಟಾಗೇನೂ ಇರಲಿಲ್ಲ. ನನ್ನ ಬೆನ್ನು ತಟ್ಟಿದಾಗಿನಷ್ಟೇ ಮೆತ್ತಗಿತ್ತು. "ಕಾಯಾಕ ಆಗದ ದಿನಾ ಹೊಲಾ ಬಿಡತೀನಿ ಅಂದಿದ್ದಿ. ಈ ದರ್ಜಿ ನಾಳೆ ತನ್ನ ಮಷಿನ್ನಿಗೆ ಹೊಕ್ಕಾನ. ಕವಣಿ ಬೀಸಾಕ ಬರದಾಕಿಗೆ ಹೊಲಾ ಯಾತಕ್ಕ?"

ಹಿರಿಯರು ಖಾಲಾನ ಕಡೆ ನೋಡಿದರು. ಪಕ್ಕದ ಹೊಲ ಮೈದುನನದು. ಅಲ್ಲಿ ಅಟ್ಟದ ಮೇಲೆ ನಿಂತು ಅವನ ಹೆಂಡತಿ ಬೆಳಗಿನಿಂದ ಹೋಯ್ ಹೋಯ್ ಎಂದು ಕವಣೆ ಬೀಸುತ್ತ ಹಕ್ಕಿ ಹೊಡೆಯುತ್ತಿದ್ದಳು. ಆ ಕೂಗು ಇಲ್ಲಿಗೂ ಕೇಳುತ್ತಿತ್ತು. ಖಾಲಾ ಒಂದು ಕ್ಷಣ ಆ ಕಡೆ ಕಿವಿಗೊಟ್ಟು ನಿಂತು, ಆಮೇಲೆ ತನ್ನ ಮಾತು ಹೇಳಿದಳು.

ಅದನ್ನು ಕೇಳಿ ಹಿರಿಯರು ನಕ್ಕು, ನಕ್ಕದ್ದು ಹೆಚ್ಚಾಗಿ ಕೆಮ್ಮಿ, ರುಮಾಲು ಸರಿಮಾಡಿಕೊಂಡು, "ನಡಿಯಪಾ, ಮುಗೀತು," ಎಂದು ಮೈದುನನ ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋದರು. ಲಾವಣಿಯ ಮಾತು ಆಮೇಲೆ ಬಂದಿಲ್ಲ. ಆ ಜೋಳ ಮನೆಗೆ ಬಂತು, ನನಗೂ ಒಂದು ಚೀಲ ಹಿಟ್ಟು ಬಂತು. ಖಾಲಾನ ಕೈ ಈಗ ಕಿವಿಯ ಮಟ್ಟಕ್ಕೆ ಏಳುತ್ತದೆ ಎಂದು ಸುದ್ದಿ. ಗೆಳೆಯ ನನ್ನ ಜೊತೆ ಬಹಳ ದಿನ ಮಾತು ಬಿಟ್ಟಿದ್ದ. ಅವನು ಮೊದಲೇ ಮಾತಾಡುವವನಲ್ಲವಾದ್ದರಿಂದ, ಬಿಟ್ಟಿದ್ದಾನೆ ಎಂದು ನನಗೆ ತಿಳಿಯುವುದಕ್ಕೇ ಅದರಲ್ಲಿ ಅರ್ಧ ದಿನಗಳು ಕಳೆದಿದ್ದವು. ಖಾಲಾನೇ ಫೋನು ಮಾಡಿ ಅವನಿಗೆ ಬೈದು ರಾಜಿ ಮಾಡಿಸಿದಳು.

ಬೆಟಗೇರಿಯಲ್ಲಿ ಎಲ್ಲರೂ ಆ ದಿನದ್ದನ್ನು ಮಾಡಿ ತೋರಿಸು ಎನ್ನುತ್ತಾರೆ. ಟವೆಲ್ಲು ಬರುತ್ತದೆ, ರುಮಾಲು ಬರುತ್ತದೆ, ಹೆದರಿದ ನಾನಂತೂ ಚೆನ್ನಾಗಿಯೇ ಬರುತ್ತೇನೆ. ಖಾಲಾ ಮಾತ್ರ ಬರುವುದಿಲ್ಲ. ಅವಳು ದನಿ ಏರಿಸಿರಲಿಲ್ಲ, ಕೈ ಬೀಸಿರಲಿಲ್ಲ, ನಕಲು ಮಾಡಲು ಹಿಡಿತಕ್ಕೆ ಸಿಗುವಂಥದ್ದು ಏನೂ ಇರಲಿಲ್ಲ. ಆದ್ದರಿಂದ ಆಡಿದ ಮಾತನ್ನಷ್ಟೇ, ಆಡಿದ ಹಾಗೆಯೇ ಹೇಳುತ್ತೇನೆ:

"ನಿನ್ನ ಹೊಲದಾಗ ಕವಣಿ ಬೀಸಾಕಿ ನಿನ್ನ ಹೇಂತಿ. ಇವತ್ತ ಆ ಹೊಲಾ ಅಕಿ ಹೆಸರಿಗೆ ಮಾಡಿ ಬಾ, ನಾಳೆ ನಂದು ನಿನಗ ಬಿಡತೀನಿ."